ಹಗಲಲ್ಲಿ ಎಳೆದ ಪರದೆ

ಮೊನ್ನೆ ಮಗಳು ಬೀರು ಸರಿಸಿದಳು. ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಆ ಹಸಿ ಸುಣ್ಣದ, ಕೊಳೆತ ಅರಿವೆಯ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯ ಮುದುಕಿ ನೆನಪಾದಳು. ಸತ್ತವರು ಹೂವಿನ ವಾಸನೆಯಲ್ಲೇ ನೆನಪಾಗಬೇಕೆಂದೇನೂ ಇಲ್ಲ.

ಪರದೇಶದ ಈ ಟಿಲ್‌ಬರ್ಗ್ ಊರಿನ ಸಾಲುಮನೆಗಳನ್ನು ನೂರು ವರ್ಷದ ಹಿಂದೆ ಉಣ್ಣೆ ಗಿರಣಿಯ ಆಳುಗಳಿಗೆಂದು ಕಟ್ಟಿದ್ದು. ಮಗಳು, ಅಳಿಯ ಹೊರಗಿನ ಕೆಂಪು ಇಟ್ಟಿಗೆ ನೋಡಿ ಮರುಳಾಗಿ ಬಾಡಿಗೆಗೆ ಹಿಡಿದರು. ನಾನು ಮರುಳಾಗಲಿಲ್ಲ. ಹುಬ್ಬಳ್ಳಿಯ ಗಿರಣಿ ಚಾಳದಲ್ಲಿ ಬಾಳಿದವಳು ನಾನು. ಇಂಥ ಗೋಡೆಯಾಚೆ ಕೆಮ್ಮಿದರೆ ಈಚೆ ಕೇಳುತ್ತದೆ.

ಮುದುಕಿ ಹುಟ್ಟಿದ್ದೇ ಪಕ್ಕದ ಆ ಮನೆಯಲ್ಲಿ. ಕೊರೊನಾಕ್ಕೆ ಹೆದರಿ ಬೀದಿಯೆಲ್ಲ ಬಾಗಿಲು ಹಾಕಿಕೊಂಡಾಗ, ಹಿತ್ತಿಲ ಬೇಲಿಯ ಆಚೆ ಆಕೆ, ಈಚೆ ನಾನು ಕುರ್ಚಿ ಹಾಕಿ ಕೂರುತ್ತಿದ್ದೆವು. ಮೊಮ್ಮಗಳು ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುತ್ತಿದ್ದಳು. ಆಕೆ ಚಿಕ್ಕವಳಿದ್ದಾಗ ಅಟ್ಟದ ಮೇಲೆ ಮಕ್ಕಳೆಲ್ಲ ಒಬ್ಬರ ಕಾಲು ಒಬ್ಬರ ಮುಖಕ್ಕೆ ಬರುವಂತೆ ಮಲಗುತ್ತಿದ್ದರಂತೆ. ಕಕ್ಕಸು ಹಿತ್ತಿಲಲ್ಲಿ, ಬಕೆಟ್ಟಿನದು. ಚಳಿಗಾಲದಲ್ಲಿ ಗೋಡೆಯ ಒಳಮೈಗೇ ಹಿಮ ಕಟ್ಟುತ್ತಿತ್ತಂತೆ. ತಂಗಿಯೊಬ್ಬಳು ಎದೆರೋಗದಿಂದ ಅಲ್ಲೇ ಹೋದಳಂತೆ...

“ನಮ್ಮ ಚಾಳದಾಗೂ ಹಿಂಗ ಇತ್ತು ಅಂತ ಹೇಳವಾ,” ಅಂದೆ.

“ಹಾಗಾದ್ರೆ ಅದನ್ನ ಬಿಟ್ಟು ಇಲ್ಯಾಕೆ ಬಂದ್ರಿ ಅಂತ ಕೇಳ್ತಿದಾರೆ, ಆಯಿ.”

“ಮಗಳು ಎಳಕೊಂಡ ಬಂದ್ಳು ಅನ್ನು.”

“ಅವ್ರ ಮಗಾನೂ ಎಳೀತಿದಾನಂತೆ, ವೃದ್ಧಾಶ್ರಮಕ್ಕೆ. ನಾನು ನಿಮ್ಮಷ್ಟು ಹಗುರ ಇಲ್ಲ, ಎಳೆದ್ರೆ ಬರಲ್ಲ ಅಂತಾರೆ!”

ಮಗ ದೂರದ ಗ್ರೋನಿಂಗನ್‌ನಲ್ಲಿದ್ದ. ಇನ್ನೊಂದು ಸಲ ಕಾಯಿಲೆ ಬಿದ್ದರೆ ಒಯ್ಯುತ್ತೇನೆ ಎಂದಿದ್ದ. ಹಾಗಾಗಿ ಅವನ ಫೋನು ಬಂದಾಗ ಆಕೆ ಕೆಮ್ಮು ತಡೆದುಕೊಳ್ಳುತ್ತಿದ್ದಳು. ಫೋನಿಟ್ಟ ಮೇಲೆ ಗೋಡೆಯಾಚೆ ಶುರುವಾಗುತ್ತಿತ್ತು.

ಚಳಿ ಏರಿತು. ಆಕೆಯ ಮುಂದಿನ ಕೋಣೆಗೆ ಆಳೆತ್ತರದ ಕಿಟಕಿ, ಸಂದಿಯಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಊರಿಂದ ತಂದ ಕೌದಿಯೊಂದನ್ನು ಕೊಟ್ಟು, ಕಿಟಕಿಗೆ ಕಟ್ಟಿಕೋ ಎಂದೆ. ಕಟ್ಟಿಕೊಂಡಳು. ಹಗಲೂ ತೆಗೆಯಲಿಲ್ಲ.

ಚಾಳದಲ್ಲಿ ಕಿಟಕಿಗೆ ಕೌದಿ ಕಟ್ಟಿದರೆ ಗಾಳಿ ಇದೆ ಎಂದರ್ಥ, ಅಷ್ಟೇ. ಈ ಬೀದಿಯಲ್ಲಿ ಹಾಗಲ್ಲ. ಇಲ್ಲಿಯವರು ಹಗಲಲ್ಲಿ ಮುಂಗಿಟಕಿಯ ಪರದೆ ಎಳೆಯುವುದಿಲ್ಲ, ಎಳೆದರೆ ಒಳಗೆ ಯಾರೋ ಕಾಯಿಲೆ ಬಿದ್ದು ಮಲಗಿದ್ದಾರೆ ಅಥವಾ ತೀರಿಹೋಗಿದ್ದಾರೆ ಎಂದುಕೊಳ್ಳುತ್ತಾರೆ. ನನಗೆ ಇದು ಆಮೇಲೆ ತಿಳಿಯಿತು. ಆಕೆಗೆ ಮೊದಲೇ ಗೊತ್ತಿತ್ತು. ಆದರೆ ಚಳಿ ಅಷ್ಟಿತ್ತು.

ಎದುರುಮನೆಯವರು ಮಗನಿಗೆ ಫೋನು ಮಾಡಿದರು. ಅವನು ಬಂದ, ಕೆಮ್ಮು ಕೇಳಿದ, ಕರೆದೊಯ್ದ. ಹೋಗುವಾಗ ಆಕೆ ನಮ್ಮ ಮನೆಯ ಕಡೆ ತಿರುಗಲಿಲ್ಲ... ಸಿಟ್ಟೋ, ಸುಸ್ತೋ, ಕೇಳಲಾಗಲಿಲ್ಲ.

ಸ್ವಲ್ಪ ದಿನಕ್ಕೇ ಕೊರೊನಾದ ಭಯಕ್ಕೆ ವೃದ್ಧಾಶ್ರಮದವರು ಹೊರಗಿನವರನ್ನು ಒಳಗೆ ಬಿಡುವುದು ನಿಲ್ಲಿಸಿದರು. ಮಗನೂ ಗಾಜಿನಾಚೆ ನಿಂತು ನೋಡಿ ಬರುತ್ತಿದ್ದ. ವಸಂತಕ್ಕೆ ಮುಂಚೆ ಆಕೆ ತೀರಿಕೊಂಡಳು. ಬೆಚ್ಚಗಿನ ಕೋಣೆಯಲ್ಲಿ ಹೋದಳು ಎಂದು ಮಗ ನಮಗೆ ಹೇಳಿದ. ಆಕೆ ಹುಟ್ಟಿದ ಮನೆ ಕೆಟ್ಟದ್ದೇ, ನಾಯಿಯೂ ಇರಬಾರದ ಮನೆ. ಆದರೆ ಬೆಚ್ಚಗೆ ಸಾಯುವುದು ಆಕೆ ಕೇಳಿದ್ದಲ್ಲ.

ಈಗ ಅಲ್ಲಿ ಗಂಡ ಹೆಂಡತಿ ಹೊಸಬರಿದ್ದಾರೆ, ಒಳ್ಳೆಯವರು. ಎಲ್ಲಿಯವರು ನೀವು ಎಂದು ಕೇಳಿದರು. ಇಂಡಿಯಾ ಎಂದೆ. ಮುದುಕಿಗೆ ಗಿರಣಿ ಚಾಳದವಳು ಎಂದಿದ್ದೆ. ಆಕೆ ಯಾವ ದೇಶವೆಂದು ಕೇಳಿರಲೇ ಇಲ್ಲ.