ಮೂಸಿದ ಕೇಪುಳ

ಗಲ್ಫಿನ ಕರಾಮದ ನಮ್ಮ ಕಟ್ಟಡದ ಗೋಡೆ ಬದಿಯಲ್ಲಿ ನಾನು ಕೆಂಪು ಗೊಂಚಲಿನ ಕೇಪುಳ ಗಿಡ ನೆಟ್ಟದ್ದು ದೇವರಿಗಲ್ಲ, ಹೂವಿನ ಜೇನು ಹೀರುವ ಸೂರಕ್ಕಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಮನೆಯ ಮನುಷ್ಯನಿಗೆ ಇಷ್ಟು ವಿಷಯ ಕೊನೆಯವರೆಗೂ ತಲೆಗೆ ಹೋಗಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ತಗಡು ಕತ್ತರಿಸಿ, ಏಸಿಯ ಡಕ್ಟ್ ಕಟ್ಟಿ, ಅಲ್ ಕೂಸ್‌ನಲ್ಲಿ ಸ್ವಂತ ವರ್ಕ್‌ಶಾಪ್ ಮಾಡಿದವ. ಯಾರ ಹತ್ತಿರವೂ ಕೈಚಾಚಿದವನಲ್ಲ. ಈ ಊರಿನ ಬೇಸಿಗೆಯಲ್ಲಿ ಗಿಡ ಬದುಕಿಸುವುದೂ ತಗಡಿನ ಕೆಲಸದಷ್ಟೇ ಮೈಮುರಿಯುವ ಕೆಲಸ. ನಲ್ಲಿ ತಿರುಗಿಸಿದರೆ ಬರುವುದು ಟ್ಯಾಂಕಿನ ಬಿಸಿನೀರು, ಅದನ್ನೇ ಬುಡಕ್ಕೆ ಹೊಯ್ದರೆ ಬೇರು ಬೇಯುತ್ತದೆ. ಹಾಗಾಗಿ ಸಂಜೆ ಬಕೆಟ್ ತುಂಬಿಸಿ ಏಸಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಹೊತ್ತು ಇಳಿಸುತ್ತಿದ್ದೆ. ಪೇಂಟಿನ ಖಾಲಿ ಡಬ್ಬಗಳಲ್ಲಿ ಕೇಪುಳ, ದಾಸವಾಳ, ಹಳದಿ ಟೆಕೋಮ. ಮಧ್ಯಾಹ್ನಕ್ಕೆ ಹಳೇ ಬೆಡ್‌ಶೀಟಿನ ನೆರಳು. ಹಾಗೆ ಸಾಕಿದ ಮೇಲೆ ಒಂದು ಜೋಡಿ ಸೂರಕ್ಕಿ ಬಂತು. ಗಂಡು ಕಪ್ಪುನೀಲಿ, ಹೆಬ್ಬೆರಳಿನಷ್ಟು. ಕೇಪುಳದ ಗೊಂಚಲಿಗೆ ಜೋತು ಒಂದೊಂದೇ ಹೂವಿಗೆ ಕೊಕ್ಕು ಹಾಕುತ್ತಿತ್ತು. ಸುತ್ತಲೂ ಕಾರು ಮತ್ತು ಕಾಂಕ್ರೀಟು. ಅದಕ್ಕೆ ಬೇರೆ ಊಟ ಎಲ್ಲಿತ್ತು?

ಆಮೇಲೆ ಹೂ ಕಾಣೆಯಾಗತೊಡಗಿತು. ಹಕ್ಕಿ ಬಂದು ಬೋಳು ತೊಟ್ಟುಗಳ ಸುತ್ತ ಹಾರಿ ಹೋಗುತ್ತಿತ್ತು. ಒಂದು ರಜೆಯ ದಿನ ಬೆಳಿಗ್ಗೆ ಕಾದು ಕೂತೆ. ಮೇಲಿನ ಮನೆಯವ ಸ್ನಾನ ಮಾಡಿ, ಪಂಚೆ ಉಟ್ಟು, ಸ್ಟೀಲ್ ತಟ್ಟೆ ಹಿಡಿದು ಇಳಿದ. ಉಡುಪಿ ಕಡೆಯವನೇ, ಜುಮೇರಾ ಲೇಕ್ ಟವರ್ಸ್‌ನಲ್ಲಿ ಟೈ ಕಟ್ಟಿ ಕೂರುವ ಕೆಲಸ.

"ಎಂತ ಸಾರ್, ಕೊಯ್ಲು ಜೋರಾ?" ಎಂದೆ.

"ದೇವರಿಗೆ ಮಾರಾಯ್ರೆ."

"ಗಿಡ ದೇವರದ್ದಾ?"

"ದೇವರ ಹೂವಿಗೆ ಊರಲ್ಲಿ ಯಾರಾದ್ರೂ ಕೇಳಿ ಕೊಯ್ತಾರಾ? ಪುಣ್ಯ ನಿಮಗೂ ಬರ್ತದೆ."

"ನನ್ನ ಪಾಲಿನ ಪುಣ್ಯವೂ ನೀವೇ ಇಟ್ಕೊಳ್ಳಿ. ಹೂ ಬಿಡಿ. ಅದು ಹಕ್ಕಿಯ ಊಟ."

"ಹಕ್ಕಿಗಂತೆ!" ಅವನು ನಕ್ಕ. "ಪೂಜೆ ಪುನಸ್ಕಾರ ಎಲ್ಲ ನಿಮಗೆ ಗೊತ್ತಾಗೂದಿಲ್ಲ ಬಿಡಿ."

ಆ ಮಾತು ನನಗೆ ಚುಚ್ಚಿತು. ಗೊತ್ತಾಗುವುದಿಲ್ಲವೇ? ಮೂಸಿದ ಹೂವನ್ನು ದೇವರಿಗೆ ಏರಿಸುವುದಿಲ್ಲ ಎಂದು ಗೊತ್ತಿತ್ತು. ಚಿಕ್ಕಂದಿನಲ್ಲಿ ಪೂಜೆಯ ಬುಟ್ಟಿಗೆ ಮೂಗು ಹಾಕಿದ್ದಕ್ಕೆ ಅಮ್ಮನಿಂದ ಪೆಟ್ಟು ತಿಂದಿದ್ದೆ.

ಮರುದಿನ ಅವನು ತಟ್ಟೆ ಹಿಡಿದು ಇಳಿಯುವಾಗ ನಾನು ಬಗ್ಗಿ ಒಂದೊಂದೇ ಗೊಂಚಲು ಮೂಸಿದೆ. ಕೇಪುಳಕ್ಕೆ ಪರಿಮಳವೇ ಇಲ್ಲ. ಆದರೂ ಮೆಟ್ಟಿಲಿಗೆ ಕೇಳುವ ಹಾಗೆ ಉಸಿರೆಳೆದೆ.

"ಛೀ! ಎಂತ ಜನ ನೀವು?"

"ಕೊಯ್ಯಿರಿ ಸಾರ್, ಧಾರಾಳ ಉಂಟು."

ಅವನು ಖಾಲಿ ತಟ್ಟೆ ಹಿಡಿದೇ ಮೇಲೆ ಹೋದ. ನಾನು ಒಂದು ದಿನವೂ ತಪ್ಪಿಸಲಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ನೀರು ಹಾಕುವುದು, ಮೂಸುವುದು. ಗೊಂಚಲು ಗಿಡದಲ್ಲೇ ಉಳಿದವು. ಹಕ್ಕಿ ಮತ್ತೆ ಬಂತು, ಜೇನ್ನೊಣವೂ ಬಂತು.

ಒಂದು ದಿನ ವಾಚ್‌ಮನ್ ಬಾಗಿಲು ತಟ್ಟಿದ. "ಭಾಯ್, ಸಬ್ ಗಮ್ಲಾ ಖಲಾಸ್. ಆಫೀಸ್ ಬೋಲಾ." ಗಿಡದ ಚಟ್ಟಿಗಳನ್ನೆಲ್ಲ ತೆಗೆಯಬೇಕು, ಕಟ್ಟಡದ ಆಫೀಸಿನ ಅಪ್ಪಣೆ. ಜೇನ್ನೊಣ ಕಚ್ಚುತ್ತದೆ, ಎಲ್ಲರ ಜಾಗದಲ್ಲಿ ಚಟ್ಟಿ ಇಟ್ಟಿದ್ದಾರೆ ಎಂದು ದೂರು ಹೋಗಿತ್ತಂತೆ. ಯಾರು ಕೊಟ್ಟದ್ದು ಎಂದರೆ ಅವನ ಕಣ್ಣು ಮೇಲಿನ ಮನೆಯ ಕಡೆಗೆ ಹೋಯಿತು.

ಓದಿದ ಮನುಷ್ಯ ದೂರು ಬರೆಯುವಾಗ ಒಂದನ್ನು ಮರೆತಿದ್ದ. ಮೆಟ್ಟಿಲ ಬುಡದಲ್ಲಿ ಅವನದೇ ತುಳಸಿ ಚಟ್ಟಿ ಇತ್ತು. ಅವನ ಮನೆಗೆ ಬಿಸಿಲು ಬೀಳುವುದಿಲ್ಲವೆಂದು ಕೆಳಗಿಟ್ಟಿದ್ದ. ಆಫೀಸಿನವರಿಗೆ ತುಳಸಿಯೂ ಚಟ್ಟಿ, ಕೇಪುಳವೂ ಚಟ್ಟಿ.

ನಾನು ಡಬ್ಬಗಳನ್ನು ಪಿಕಪ್‌ಗೆ ಏರಿಸುತ್ತಿದ್ದಾಗ ಅವನು ತುಳಸಿಯನ್ನು ಎತ್ತಿಕೊಂಡು ಬಂದ.

"ಮಾರಾಯ್ರೆ, ನಿಮ್ಮ ವರ್ಕ್‌ಶಾಪಲ್ಲಿ ಬಿಸಿಲು ಉಂಟಲ್ಲ. ಇದನ್ನೂ ಒಂದು..."

"ಗಾಡಿಯಲ್ಲಿ ಜಾಗ ಇಲ್ಲ."

"ಮೂಲೆಯಲ್ಲಿ ಅಷ್ಟು ಜಾಗ ಕಾಣ್ತದೆ."

"ಅದು ಹಕ್ಕಿಗೆ ಕೂರ್ಲಿಕ್ಕೆ."

ತುಳಸಿಯ ಮೇಲೆ ನನಗೆ ದ್ವೇಷವಿಲ್ಲ. ಅದನ್ನು ಹಿಡಿದಿದ್ದ ಕೈಯ ಮೇಲೆ ಇತ್ತು, ಈಗಲೂ ಇದೆ.

ವರ್ಕ್‌ಶಾಪಿನ ಹಿಂದೆ, ಕಂಪ್ರೆಸರ್ ಸದ್ದಿನ ಪಕ್ಕ ಗಿಡ ಇಟ್ಟೆ. ಮೊದಲು ಎಲೆ ಉದುರಿಸಿದವು, ನಂತರ ಚಿಗುರಿದವು. ಒಂದು ಮಧ್ಯಾಹ್ನ ತಗಡು ಕತ್ತರಿಸುತ್ತಿದ್ದಾಗ ಗಂಡು ಸೂರಕ್ಕಿ ಕಂಡಿತು. ಕರಾಮದ್ದೋ, ಬೇರೆಯದೋ ಹೇಳಲಾರೆ. ಕೇಪುಳದಲ್ಲಿ ಗೊಂಚಲು ತುಂಬಿತ್ತು, ಯಾರೂ ಕೊಯ್ದಿರಲಿಲ್ಲ.