ಬೀರವ್ವ ಮಾವಶಿಯ ಮೊಮ್ಮಗಳು

ಗಡಹಿಂಗ್ಲಜದ ಹೊರವಲಯದ ಕ್ರಿಶ್ಚಿಯನ್ ಶಾಲೆಯಲ್ಲಿ ಬೀರವ್ವ ಇಪ್ಪತ್ತು ವರ್ಷದಿಂದ ಕಸ ಗುಡಿಸುವ ಆಯಾ. ಮಕ್ಕಳೆಲ್ಲ ಅವಳನ್ನು ಮರಾಠಿಯಲ್ಲಿ ಮಾವಶಿ ಅನ್ನುತ್ತಾರೆ, ಅಂದರೆ ಚಿಕ್ಕಮ್ಮ. ಶಾಲೆಯ ಮುಂದೆ ಡಾಕ್ಟರು, ಮಾಸ್ತರರು, ಜೈನ ವ್ಯಾಪಾರಿಗಳ ಹೊಸ ಕಾಲೊನಿ. ಹಿಂದೆ ಕುರುಬರ ವಾಡಿ. ಬೀರವ್ವನ ಮನೆ ವಾಡಿಯಲ್ಲಿ.

ಮಗ ಕಾಡಸಿದ್ದ, ಸೊಸೆ ಮಂಗಲ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊರಟರೆ ಮರಳುವುದು ಮಳೆಗಾಲಕ್ಕೇ. ಮೊಮ್ಮಗಳು ಕಾಜಲ ಅವರ ಬೆನ್ನಿಗೆ ಅಲೆಯಬಾರದೆಂದು ಬೀರವ್ವ ಶಾಲೆ ನಡೆಸುವ ಸಿಸ್ಟರುಗಳ ಕೈಕಾಲು ಹಿಡಿದು ಒಂದನೇ ಇಯತ್ತೆಗೆ ಸೇರಿಸಿದಳು. ಅಷ್ಟಕ್ಕೇ ಸುಮ್ಮನಿದ್ದಳೇ? ಕಸಬರಿಗೆ ಹಿಡಿದವಳ ಮೊಮ್ಮಗಳೆಂದು ಗೊತ್ತಾದರೆ ಕಾಲೊನಿಯ ಮಕ್ಕಳು ಜೊತೆಗೆ ಕೂರಿಸಿಕೊಳ್ಳುವುದಿಲ್ಲವೆಂದು ತಾನೇ ಊಹಿಸಿ, ಶಾಲೆಯಲ್ಲಿ ಅಜ್ಜಿ ಅನ್ನಲೇಬಾರದೆಂದು ಆಣೆ ಹಾಕಿಸಿದಳು. ಯಾರು ಕೇಳಿದ್ದರು ಇವಳನ್ನು? ಎಲ್ಲಾ ಮುದುಕಿಯ ಸ್ವಂತ ಬುದ್ಧಿ.

ಮೂರನೆಯ ದಿನವೇ ಕೂಸು ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಿತು. ಆಣೆ ಗೀಣೆ ಮರೆತು ಅಜ್ಜಿಯನ್ನು ಕೂಗುತ್ತ ಓಡಿಬಂದು ಸೀರೆ ಹಿಡಿಯಿತು. ಬೀರವ್ವ ಆ ಕೈ ಬಿಡಿಸಿದಳು.

"ಮಾವಶಿ ಅನ್ಬೇಕವ್ವಾ. ಹೋಗು, ಟೀಚರ್ ಕಡೆ ಹೋಗು."

ಮುಖ ತಿರುಗಿಸಿ ಗುಡಿಸತೊಡಗಿದಳು. ಅಂದಿನಿಂದ ಕಾಜಲ ಎಂದೂ ತಪ್ಪಲಿಲ್ಲ.

ಈ ಫೆಬ್ರುವರಿಯಲ್ಲಿ ಹತ್ತನೆಯವರಿಗೆ ಬೀಳ್ಕೊಡುಗೆ; ಕಾಜಲಳೂ ಅವರಲ್ಲೊಬ್ಬಳು. ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ವೇದಿಕೆಗೆ ಕರೆದು ಹೂ ಕೊಟ್ಟು ನಮಸ್ಕರಿಸುವುದು ಆ ಶಾಲೆಯ ಪದ್ಧತಿ. ಬೀರವ್ವನ ಆಸೆ ನೋಡಿ! ಹತ್ತು ವರ್ಷ ಬಚ್ಚಿಟ್ಟಿದ್ದನ್ನು ಈವತ್ತಾದರೂ ಹುಡುಗಿ ಬಾಯಿಬಿಟ್ಟು ಹೇಳೀತೆಂದು, ಇಳಕಲ್ ಸೀರೆ ಉಟ್ಟು, ನೀರಿನ ಟ್ರೇ ಹಿಡಿದು ವೇದಿಕೆಯ ಪಕ್ಕದಲ್ಲೇ ನಿಂತಳು. ಹೇಳವ್ವಾ ಎಂದು ಕೇಳಿಕೊಳ್ಳಲು ಮಾತ್ರ ಅವಳಿಗೆ ಬಾಯಿ ಬಂದಿರಲಿಲ್ಲ.

ಕಾಜಲಳ ಸರದಿ ಬಂತು. ಬೆಳಗಾವಿ ಕಡೆಯಿಂದ ಹೊಸದಾಗಿ ಬಂದಿದ್ದ ಹೆಡ್ ಸಿಸ್ಟರ್, ನಿಮ್ಮ ಮನೆಯವರೆಲ್ಲಿ ಎಂದು ಕನ್ನಡದಲ್ಲೇ ಕೇಳಿದರು. ಅಪ್ಪ ಅವ್ವ ಕುರಿ ಹೊಡೆದುಕೊಂಡು ಹೋಗಿದ್ದಾರೆಂದು ಕಾಜಲ ಹೇಳಿದಳು.

"ಮತ್ತ ಬ್ಯಾರೆ ಯಾರೂ ಬಂದಿಲ್ಲೇನು?"

ಹುಡುಗಿ ಬೀರವ್ವನ ಕಡೆ ನೋಡಿದಳು. ಬೀರವ್ವ ಟ್ರೇ ಹಿಡಿದೇ ಒಂದು ಹೆಜ್ಜೆ ಮುಂದಿಟ್ಟಳು.

"ಯಾರೂ ಬಂದಿಲ್ರಿ, ಸಿಸ್ಟರ್," ಎಂದು ಕಾಜಲ ಹೂವನ್ನು ಅವರ ಕೈಗೇ ಕೊಟ್ಟು ನಮಸ್ಕರಿಸಿದಳು. ಸಭೆ ಚಪ್ಪಾಳೆ ತಟ್ಟಿತು.

ಬೀರವ್ವ ಮುಂದಿನ ಸಾಲಿನವರಿಗೆಲ್ಲ ನೀರು ಕೊಟ್ಟಳು. ಆಮೇಲೆ ಸಾಮಾನಿನ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿ ಅತ್ತಳು. ಬೈಯುವುದಾದರೂ ಯಾರನ್ನು? ಕೂಸು ಕೊಟ್ಟ ಮಾತು ಉಳಿಸಿಕೊಂಡಿತ್ತು.