ಸೂರ್ಯನ ಮುಂದೆ ಎಣಿಸಿದ್ದು

ಈವತ್ತು ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಅದರೊಳಗಿಂದ ಒಂದು ಹಳದಿ ಕರಪತ್ರ ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ಇಂಥವು ಸಾಮಾನ್ಯವಾಗಿ ಟ್ಯೂಷನ್ನಿನವೋ ಮಂಡಿನೋವಿನ ಎಣ್ಣೆಯವೋ ಆಗಿರುತ್ತವೆ. ನಾನು ಓದದೆ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಡುತ್ತೇನೆ. ಇದರಿಂದ ಮಾತ್ರ ಹಸಿ ಮಸಿಯ ವಾಸನೆ ಬಂತು. ಯಾವುದೋ ಸಂದಿಯ ಪ್ರೆಸ್ಸಿನವರು ಮಸಿ ಒಣಗುವ ಮೊದಲೇ ಕಟ್ಟು ಕಟ್ಟಿ ಕಳಿಸಿರಬೇಕು. ನನ್ನ ಅಪ್ಪನ ಅಂಗಿಯ ತೋಳಿಗೆ ಇದೇ ವಾಸನೆ ಇತ್ತು. ಆ ಆಸೆಗೆ ಕಾಗದವನ್ನು ಮೂಗಿನ ಹತ್ತಿರ ಹಿಡಿದವಳು, ಹಿಡಿದ ತಪ್ಪಿಗೆ ಓದಿಯೂ ಬಿಟ್ಟೆ.

ಸೂರ್ಯದರ್ಶನ ಶಿಬಿರವಂತೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು, ಬರಿಗಣ್ಣಲ್ಲಿ ಸೂರ್ಯನನ್ನು ದಿಟ್ಟಿಸುವುದಂತೆ. ಕನ್ನಡಕ ಕಳಚುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ, ಚಿಂತೆ ಕರಗುತ್ತದೆ, ಆತ್ಮ ಬೆಳಗುತ್ತದೆ, ಕೊನೆಕೊನೆಗೆ ಹಸಿವೇ ಆಗುವುದಿಲ್ಲ. ಹಸಿವೇ ಆಗದವರಿಗೆ ಶಿಬಿರದ ಕೊನೆಯಲ್ಲಿ ಖಾರಾಬಾತ್, ಕೇಸರಿಬಾತ್ ಇದೆಯೆಂದು ಮುಂದಿನ ಸಾಲಿನಲ್ಲೇ ಹಾಕಿದ್ದಾರೆ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೇ, ನೀವೇ ಹೇಳಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸೂಚನೆ ಇತ್ತು: ಸೆಕೆಂಡು ಎಣಿಸಲು ಮನೆಯವರೊಬ್ಬರನ್ನು ಜೊತೆಗೆ ಕರೆತನ್ನಿ. ಅದನ್ನು ಓದಿದ ಮೇಲೆ ಕಾಫಿ ಕುಡಿಯುವುದು ನನ್ನಿಂದ ಆಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿತ್ತು. ಅಪ್ಪ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕಿವಿಯ ಮೇಲೊಂದು ಕೆಂಪು ಪೆನ್ಸಿಲ್. ಅಚ್ಚಿನ ಮೊಳೆ ಜೋಡಿಸುವವರು ಮಾಡಿದ ತಪ್ಪುಗಳನ್ನು ಹಿಡಿದು, ಅಂಚಿನಲ್ಲಿ ಗುರುತು ಹಾಕುವುದು ಅವರ ಕೆಲಸ. ಕೆಲಸ ಮುಗಿದ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ. ಹೋಟೆಲಿನ ಹಲಗೆಯಲ್ಲಿ ತಿಂಡಿಯ ಹೆಸರು ತಪ್ಪಿದ್ದರೆ ಒಳಗೆ ಹೋಗಿ ಹೇಳದೆ ಬರುತ್ತಿರಲಿಲ್ಲ. ಮನೆಗೆ ಬಂದ ಮದುವೆ ಕಾಗದಗಳನ್ನು ತಿದ್ದಿ, ಕೊಟ್ಟವರಿಗೇ ವಾಪಸು ತೋರಿಸುತ್ತಿದ್ದರು. ಅಮ್ಮನಿಗೆ ಮದುವೆಮನೆಗಳಲ್ಲಿ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿತ್ತು.

ಐವತ್ತು ದಾಟಿದ ಮೇಲೆ ಅಪ್ಪನ ಕನ್ನಡಕ ವರ್ಷಕ್ಕೊಮ್ಮೆ ದಪ್ಪವಾಗತೊಡಗಿತು. ಒಂದೆರಡು ಪುಸ್ತಕಗಳಲ್ಲಿ ತಪ್ಪುಗಳು ಉಳಿದುಹೋದವು. ಪ್ರೆಸ್ಸಿನ ಯಜಮಾನರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಸಹಾಯಕ್ಕೆ ಅಂತ ಒಬ್ಬ ಎಂ.ಎ. ಆದವನನ್ನು ಪಕ್ಕದ ಕುರ್ಚಿಗೆ ತಂದು ಕೂರಿಸಿದರು. ಅಪ್ಪ ಆ ಕುರ್ಚಿಯ ವಿಷಯ ಮನೆಯಲ್ಲಿ ದಿನಾ ಹೇಳುತ್ತಿದ್ದರು. ಕಣ್ಣು ಹೋದರೆ ಆ ಕೆಲಸವೂ ಹೋಗುತ್ತದೆ, ಬೇರೆ ಕೆಲಸ ಬರುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು. ಸ್ವಾಮಿ ಸಿಕ್ಕಿದ್ದು ಆಗಲೇ.

ಸ್ವಾಮಿ ಅಂದರೆ ಕಾವಿ, ಗಡ್ಡ ಅಂದುಕೊಳ್ಳಬೇಡಿ. ಇವರು ಸಫಾರಿ ಸೂಟಿನ ಸ್ವಾಮಿ. ಯಾವುದೋ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರಾಗಿ, ಹೇಳಿದ ಮಾತು ಕೇಳುವ ಗುಮಾಸ್ತರಿಲ್ಲದೆ ಒಣಗಿಹೋಗಿದ್ದರು. ದಿನಾ ಬೆಳಿಗ್ಗೆ ಬ್ಯೂಗಲ್ ರಾಕಿನ ಬಂಡೆಯ ಹತ್ತಿರ ಇಪ್ಪತ್ತು ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ಕಚೇರಿ ನಡೆಸುತ್ತಿದ್ದರು. ಮೊದಲ ದಿನ ಹತ್ತು ಸೆಕೆಂಡು ಸೂರ್ಯನನ್ನು ನೋಡಬೇಕು, ಆಮೇಲೆ ದಿನಕ್ಕೆ ಹತ್ತು ಸೇರಿಸುತ್ತಾ ಹೋಗಬೇಕು. ಒಂದು ದಿನ ತಪ್ಪಿದರೂ ಮತ್ತೆ ಹತ್ತರಿಂದ ಶುರು. ನೋಡುವವನು ತಾನೇ ಎಣಿಸಬಾರದು, ಮನಸ್ಸು ಖಾಲಿ ಇರಬೇಕು. ಎಣಿಸುವುದಕ್ಕೆ ಇನ್ನೊಬ್ಬರು ಬೇಕು. ಇಷ್ಟೆಲ್ಲ ಹೇಳುವ ಸ್ವಾಮಿ, ಮಧ್ಯಾಹ್ನ ಗಾಂಧಿಬಜಾರಿನಲ್ಲಿ ತರಕಾರಿ ಕೊಳ್ಳುವಾಗ ಕಪ್ಪು ಕನ್ನಡಕ ಹಾಕಿರುತ್ತಿದ್ದರು. ಒಳಗೆ ತುಂಬಿದ ತೇಜಸ್ಸು ಸೋರಿಹೋಗಬಾರದಂತೆ. ಇದನ್ನು ಪದವಿ ಪಡೆದ ಗಂಡಸರು, ಸರ್ಕಾರಿ ಕಡತಗಳಲ್ಲಿ ಜೀವ ತೇದವರು, ತಲೆಯಾಡಿಸುತ್ತಾ ಕೇಳುತ್ತಿದ್ದರು.

ಆ ಶಿಷ್ಯಕೋಟಿಯನ್ನು ನೀವು ನೋಡಬೇಕಿತ್ತು. ಒಬ್ಬರಿಗೆ ಹಲ್ಲುನೋವು ಹೋಗಿತ್ತು. ಹಲ್ಲು ಕೀಳಿಸಿದ್ದನ್ನು ಅವರು ಹೇಳುತ್ತಿರಲಿಲ್ಲ. ಇನ್ನೊಬ್ಬರಿಗೆ ಹಸಿವು ಅರ್ಧಕ್ಕೆ ಇಳಿದಿತ್ತು. ಅವರನ್ನು ನಾನೇ ವಿಶ್ವೇಶ್ವರಪುರದಲ್ಲಿ ಅವರೆಕಾಯಿ ದೋಸೆಯ ಎರಡನೇ ತಟ್ಟೆಯ ಜೊತೆ ಕಂಡಿದ್ದೆ. ಅಪ್ಪ ಮಾತ್ರ ಸುಳ್ಳು ಹೇಳುವವರಲ್ಲ. ಅವರು ಸೇರಿದ್ದು ಆತ್ಮ ಬೆಳಗಲಿ ಅಂತಲೂ ಅಲ್ಲ, ಸಣ್ಣ ಅಕ್ಷರ ಕಾಣಲಿ ಅಂತ.

ಮೊದಲ ವಾರ ಬಂಡೆಯ ಹತ್ತಿರ ಕಲಿತು, ಆಮೇಲೆ ಮನೆಯ ತಾರಸಿಯಲ್ಲೇ ಮಾಡಬಹುದಿತ್ತು. ಆದರೆ ಕಾಲು ಮಣ್ಣಿಗೆ ತಾಗಬೇಕೆಂಬ ನಿಯಮವಿತ್ತಲ್ಲ, ಅದಕ್ಕೆ ಅಪ್ಪ ಒಂದು ಅಗಲವಾದ ತಗಡಿನ ತಟ್ಟೆಗೆ ಹಿತ್ತಲಿನ ಮಣ್ಣು ತುಂಬಿ ತಾರಸಿಗೆ ಹೊತ್ತುಕೊಂಡು ಹೋದರು. ಅದರಲ್ಲಿ ಪಂಚೆ ಎತ್ತಿ ಕಟ್ಟಿ ನಿಂತರೆ, ಯಾರೋ ನೆಟ್ಟು ನೀರು ಹಾಕುವುದನ್ನು ಮರೆತ ಗಿಡದ ಹಾಗೆ ಕಾಣುತ್ತಿದ್ದರು. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ನೆಪದಲ್ಲಿ ಬಂದು ನೋಡಿ ಹೋಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ.

ಎಣಿಸುವ ಕೆಲಸ ಮೊದಲು ಅಮ್ಮನದಾಗಿತ್ತು. ಅಮ್ಮನಿಗೆ ಕೆಳಗೆ ಒಲೆಯ ಮೇಲೆ ಹಾಲು, ಕುಕ್ಕರಿನಲ್ಲಿ ಬೇಳೆ. ಸೂರ್ಯನ ಬಗ್ಗೆ ಅವಳಿಗೆ ವಿಶೇಷ ಗೌರವವೇನೂ ಇರಲಿಲ್ಲ. ಹಪ್ಪಳ ಒಣಗಿದರೆ ಸಾಕು. ಅವಳು ಒಂದು, ಎರಡು ಅಂತ ಭಕ್ತಿಯಿಂದಲೇ ಶುರುಮಾಡಿ, ಮೂವತ್ತೊಂಬತ್ತು ಆದ ಕೂಡಲೇ ಐವತ್ತಕ್ಕೆ ಹಾರುತ್ತಿದ್ದಳು. ಐವತ್ತಾರರಿಂದ ಎಪ್ಪತ್ತು. ಹೀಗೆ ಎರಡು ನಿಮಿಷದ ವ್ರತವನ್ನು ಮುಕ್ಕಾಲು ನಿಮಿಷದಲ್ಲಿ ಮುಗಿಸಿ ಕೆಳಗಿಳಿದುಬಿಡುತ್ತಿದ್ದಳು. ಬಿಟ್ಟುಹೋದದ್ದನ್ನು ಹಿಡಿಯುವುದೇ ವೃತ್ತಿಯಾದ ಮನುಷ್ಯನ ಹತ್ತಿರ ಈ ಆಟ ಎಷ್ಟು ದಿನ ನಡೆದೀತು? ಹನ್ನೆರಡನೆಯ ದಿನ ಅಪ್ಪ ಸೂರ್ಯನ ಮೇಲಿಂದ ಕಣ್ಣು ತೆಗೆಯದೆಯೇ, ನಲವತ್ತು ಎಲ್ಲಿ ಹೋಯ್ತು ಅಂತ ಕೇಳಿದರು. ಅಮ್ಮನ ಕೆಲಸ ಹೋಯಿತು. ಆ ಜಾಗಕ್ಕೆ ನಾನು ಬಂದೆ.

ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷ, ಫಿಸಿಕ್ಸ್. ಲೋಲಕದ ಪ್ರಯೋಗದಲ್ಲಿ ಇಡೀ ತರಗತಿಯಲ್ಲಿ ನನ್ನಷ್ಟು ಕರಾರುವಾಕ್ಕಾಗಿ ಎಣಿಸುವವರಿಲ್ಲ ಎಂದು ನಮ್ಮ ಮೇಷ್ಟರು ಹೇಳಿದ್ದನ್ನು ಮನೆಯಲ್ಲಿ ಹತ್ತು ಸಲ ಹೇಳಿದ್ದೆ. ಅಪ್ಪ ಅದನ್ನು ನೆನಪಿಟ್ಟಿದ್ದರು. ಅವರ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಈಗ ಬರೆಯುವುದಕ್ಕೂ ಅಸಹ್ಯವಾಗುತ್ತದೆ. ಈ ಸೂರ್ಯದರ್ಶನದ ಮಾತನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಮಸೂರದ ಕೆಳಗೆ ಕಾಗದ ಸುಡುವ ಚಿತ್ರವನ್ನು ಪ್ರಾಕ್ಟಿಕಲ್ ಪುಸ್ತಕದಲ್ಲಿ ಬಣ್ಣ ಹಾಕಿ ಬರೆದಿದ್ದವಳು. ಕಣ್ಣಿನೊಳಗೂ ಒಂದು ಮಸೂರವಿದೆ ಎಂಬುದು ನನಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಾಗಿತ್ತು, ಅಪ್ಪನ ವಿಷಯ ಆಗಿರಲಿಲ್ಲ. ಸ್ವಾಮಿಯನ್ನು ಗೆಳತಿಯರ ಮುಂದೆ ಆಡಿಕೊಂಡು ನಗಿಸುವುದು, ಬೆಳಿಗ್ಗೆ ಮಾತ್ರ ಗಡಿಯಾರ ಹಿಡಿದು ತಾರಸಿ ಹತ್ತುವುದು. ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಡಿಮೆ ಇಲ್ಲ.

ಡಿಸೆಂಬರಿನಲ್ಲಿ ಬೆಂಗಳೂರಿನ ಬೆಳಗು ಹೇಗಿರುತ್ತಿತ್ತೆಂದು ಹಳಬರಿಗೆ ಗೊತ್ತು. ಎದುರುಮನೆಯ ತೆಂಗಿನ ಮರ ಕೂಡ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹುಟ್ಟಿದ ಒಂದು ಗಂಟೆಯೊಳಗಿನ ಸೂರ್ಯನನ್ನೇ ನೋಡಬೇಕೆಂದು ಸ್ವಾಮಿಯ ನಿಯಮವೇನೋ ಇತ್ತು, ಆದರೆ ಆ ಒಂದು ಗಂಟೆ ಸೂರ್ಯನೇ ಇರುತ್ತಿರಲಿಲ್ಲ. ಉಳಿದ ಶಿಷ್ಯರು ಮಂಜಿನ ಕಡೆಗೇ ಮುಖ ಮಾಡಿ ನಿಂತು, ಲೆಕ್ಕ ಮುಗಿಸಿ, ತಿಂಡಿಗೆ ಹೋಗುತ್ತಿದ್ದರು. ಸೋಮಾರಿಗಳು, ಅವರ ಕಣ್ಣು ಉಳಿಯಿತು. ಅಪ್ಪ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಹೋದವರೇ ಅಲ್ಲ. ಸೂರ್ಯ ಕಾಣುವವರೆಗೆ ಮಣ್ಣಿನ ತಟ್ಟೆಯಲ್ಲಿ ಕಾಯುತ್ತಿದ್ದರು.

ಮೂವತ್ತೊಂದನೆಯ ದಿನ ಮಂಜು ಒಂಬತ್ತು ಗಂಟೆಯಾದರೂ ಸರಿಯಲಿಲ್ಲ. ನನಗೆ ಕಾಲೇಜಿತ್ತು. ಅಪ್ಪ ಹೊರಡು ಅಂದರು. ನಾನು, ಬೇಡ, ಎಣಿಸಿಯೇ ಹೋಗ್ತೀನಿ ಅಂದೆ. ಆಮೇಲೆ ಯಾರೋ ಪರದೆ ಎಳೆದ ಹಾಗೆ ಒಮ್ಮೆಗೇ ಬಿಸಿಲು ಬಂತು. ಅದು ಎಳೆಬಿಸಿಲಲ್ಲ, ಸೂರ್ಯ ಆಗಲೇ ಮೇಲೆ ಬಂದಿದ್ದ. ಅಪ್ಪನ ಮುಖ ನೋಡುವುದಕ್ಕೆ ನಾನು ಹಣೆಗೆ ಕೈ ಅಡ್ಡ ಹಿಡಿಯಬೇಕಾಯಿತು. ಹಾಗೆ ಕೈ ಅಡ್ಡ ಹಿಡಿದುಕೊಂಡೇ ಎಣಿಸಿದೆ. ಅವರ ಎರಡೂ ಕಣ್ಣಿನಿಂದ ನೀರು ಇಳಿದು ಅಂಗಿಯ ಕಾಲರಿಗೆ ಹೋಗುತ್ತಿತ್ತು. ನಡುವೆ ಒಂದೇ ಒಂದು ಸಲ ಕೇಳಿದರು, "ಇನ್ನೂ ಇದೆಯೇನೇ?"

"ಇದೆ ಅಪ್ಪ," ಅಂದೆ, ಲೆಕ್ಕ ತಪ್ಪದ ಹಾಗೆ.

ಅದಾದ ಮೇಲೆ ಅಪ್ಪ ತಾರಸಿ ಹತ್ತಲಿಲ್ಲ. ಕೇಳಿದರೆ ಶೀತ ಅಂದರು. ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿದರು. ಪ್ರೆಸ್ಸಿಗೆ ಹೋಗಿ ಬರುತ್ತಲೇ ಇದ್ದರು. ಅವರು ಹೇಗೆ ಕೆಲಸ ಮಾಡಿದರೆಂಬುದು ನಮಗೆ ಆಮೇಲೆ ತಿಳಿಯಿತು: ಮೂವತ್ತು ವರ್ಷ ಓದಿದ ಭಾಷೆ, ವಾಕ್ಯದ ಹಿಂದುಮುಂದು ಕಂಡರೆ ನಡುವಿನದನ್ನು ಊಹಿಸಿಕೊಂಡು ಬಿಡುತ್ತಿದ್ದರು. ಜನವರಿ ಕೊನೆಗೆ ಯುಗಾದಿಯ ಪಂಚಾಂಗದ ಪ್ರೂಫ್ ಬಂತು. ಅದರಲ್ಲಿ ಪುಟಗಟ್ಟಲೆ ಅಂಕಿಗಳು, ಅದೂ ಸೂರ್ಯೋದಯ ಸೂರ್ಯಾಸ್ತದ ಗಂಟೆ ನಿಮಿಷಗಳು. ಅಂಕಿಯನ್ನು ಯಾರು ಊಹಿಸಬಲ್ಲರು?

ಯಜಮಾನರೇ ಆ ಹಾಳೆಗಳನ್ನು ಹಿಡಿದು ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. "ರಾಯರೇ, ಇಷ್ಟು ಹಾಳೇಲಿ ಒಂದು ಗುರುತೂ ಇಲ್ವಲ್ಲ," ಅಂದರು, ತಾವೇ ತಪ್ಪು ಮಾಡಿದವರ ಹಾಗೆ.

ಅಪ್ಪ ಹಾಳೆಗಳ ಮೇಲೆ ಕೈಯಾಡಿಸಿದರು. "ನೋಡಿದ ಕಡೆ ಕಾಣ್ಸಲ್ಲ," ಅಂದರು. "ಸುತ್ತ ಇರೋದೆಲ್ಲ ಕಾಣುತ್ತೆ."

ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ನಡುವಿನ ಜಾಗ ಸುಟ್ಟಿದೆ, ಇದಕ್ಕೆ ಕನ್ನಡಕವಿಲ್ಲ ಅಂದರು. ಎಷ್ಟು ಹೊತ್ತು ನೋಡಿದಿರಿ ಅಂತ ಅವರೂ ಕೇಳಲಿಲ್ಲ. ಇಂಥ ಮೂರ್ಖರನ್ನು ಎಷ್ಟೋ ನೋಡಿದ್ದರೆಂದು ಕಾಣುತ್ತದೆ. ಪಕ್ಕದ ಕುರ್ಚಿಯ ಎಂ.ಎ. ಹುಡುಗ ಅಪ್ಪನ ಕುರ್ಚಿಗೆ ಬಂದ. ಯಜಮಾನರು ಅಪ್ಪನನ್ನು ಕಳಿಸಿಬಿಡಲಿಲ್ಲ, ಬಾಗಿಲ ಹತ್ತಿರ ಬಂದವರನ್ನು ಮಾತಾಡಿಸುವುದಕ್ಕೆ ಕೂರಿಸಿದರು. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಳ್ಳುವುದನ್ನು ಅಪ್ಪ ತಾವಾಗಿಯೇ ಬಿಟ್ಟರು.

ಸ್ವಾಮಿಯ ಮೇಲೆ ನನಗಿರುವ ಸಿಟ್ಟು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಆ ಮಹಾನುಭಾವರು ಸುದ್ದಿ ಕೇಳಿ ಮನೆಗೆ ಬಂದರು, ಕಪ್ಪು ಕನ್ನಡಕ ಹಾಕಿಕೊಂಡೇ. ಸೂರ್ಯ ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ, ಈರುಳ್ಳಿ ತಿಂದಿರಬೇಕು, ಮನಸ್ಸಿನಲ್ಲಿ ಸಂಶಯ ಇದ್ದಿರಬೇಕು ಎಂದು ಒಂದೊಂದೇ ಕಾರಣ ಹುಡುಕಿದರು. ಯಾವುದೂ ನಿಲ್ಲದಿದ್ದಾಗ ಕೊನೆಗೆ, ಮನೆಯವರು ಎಣಿಸುವಾಗ ತಪ್ಪಿಸಿರಬೇಕು, ಜಾಸ್ತಿಯಾಗಿದೆ ಅಂದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ನಾನು ಬಾಗಿಲ ಸಂದಿಯಲ್ಲಿದ್ದೆ.

ಅದುವರೆಗೆ ಕೈಕಟ್ಟಿ ಕೂತಿದ್ದ ಅಪ್ಪ ತಲೆ ಎತ್ತಿದರು. "ಬೇರೆ ಏನು ಬೇಕಾದ್ರೂ ಹೇಳಿ," ಅಂದರು. "ನನ್ನ ಮಗಳ ಎಣಿಕೆ ತಪ್ಪಲ್ಲ."

ಆ ಮಾತನ್ನು ಅಪ್ಪ ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ನನ್ನ ಎಣಿಕೆ ತಪ್ಪಿದ್ದರೆ, ನಾನು ಅಮ್ಮನ ಹಾಗೆ ಮೂವತ್ತೊಂಬತ್ತರಿಂದ ಐವತ್ತಕ್ಕೆ ಹಾರುವ ಕಳ್ಳಿಯಾಗಿದ್ದರೆ, ಅವರು ಪಂಚಾಂಗ ತಿದ್ದುತ್ತಿದ್ದರು. ಅಪ್ಪ ಆಮೇಲೂ ಎಂಬತ್ತರ ದಶಕ ಮುಗಿಯುವವರೆಗೆ ಬದುಕಿದ್ದರು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಿದ್ದರು, ಆಗ ಮುಖ ಅಂಚಿನಲ್ಲಿ ಕಾಣುತ್ತಿತ್ತಂತೆ. ಮನೆಗೆ ಬಂದವರು, ಅಪ್ಪ ಯಾರೋ ಬೇರೆಯವರ ಜೊತೆ ಮಾತಾಡುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದರು. ಸ್ವಾಮಿ ತಮ್ಮ ಕಣ್ಣಿಗೆ ಪೊರೆ ಬಂದಾಗ ಮಾತ್ರ ಸೂರ್ಯನ ಹತ್ತಿರ ಹೋಗದೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡರು.

ಈ ಕಥೆಯನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ ತರಗತಿಗಳಲ್ಲೆಲ್ಲ ಹೇಳಿದ್ದೇನೆ. ಮದುವೆಮನೆಗಳಲ್ಲಿ ಹೇಳಿ ಪಂಕ್ತಿಯನ್ನೇ ನಗಿಸಿದ್ದೇನೆ. ಸಫಾರಿ ಸೂಟು, ಮಣ್ಣಿನ ತಟ್ಟೆ, ಸೋರುವ ತೇಜಸ್ಸು, ಎಲ್ಲ ಬರುತ್ತದೆ. ಎಣಿಸುವವರು ಬಂದಾಗ ಮಾತ್ರ ಅಮ್ಮನ ಹಾರುವ ಲೆಕ್ಕ ಹೇಳಿ ಅಲ್ಲಿಗೆ ನಿಲ್ಲಿಸುತ್ತೇನೆ. ಕೇಳಿದವರೆಲ್ಲ ಕೊನೆಯವರೆಗೂ ಅಮ್ಮನೇ ಎಣಿಸಿದಳೆಂದು ತಿಳಿದುಕೊಂಡು ಹೋಗಿದ್ದಾರೆ. ಸ್ವಾಮಿಯನ್ನು ಹೀಯಾಳಿಸುವುದು ಬಹಳ ಸುಲಭ, ಅವರಿಗೆ ನನ್ನಷ್ಟು ಫಿಸಿಕ್ಸ್ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಕೆಳಗಿನ ಫ್ಲ್ಯಾಟಿನ ಸರೋಜಾ ಬಾಗಿಲು ತಟ್ಟಿದರು. ಅವರ ಕೈಯಲ್ಲೂ ಅದೇ ಕರಪತ್ರ. ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ. ಔಷಧಿ ಬಿಡಬಹುದೆಂದು ಆಸೆ ಹುಟ್ಟಿ ಶಿಬಿರಕ್ಕೆ ಹೆಸರು ಕೊಟ್ಟಿದ್ದಾರೆ. ನಾಳೆಯಿಂದ ಸರೋಜಾ ಜೊತೆಗೆ ಹೋಗಿ ಎಣಿಸಬೇಕು. ನೀವು ಸೈನ್ಸ್ ಮೇಡಂ, ಹೇಳಿ, ಇದರಿಂದ ಏನೂ ತೊಂದರೆ ಇಲ್ಲ ತಾನೆ ಅಂತ ಕೇಳಿದರು. ನನ್ನ ಬಾಯಿಗೆ ಸಫಾರಿ ಸೂಟಿನ ಸ್ವಾಮಿ ಆಗಲೇ ಬಂದಿದ್ದರು. ಅವರನ್ನು ನುಂಗಿಕೊಂಡೆ.

ನಮ್ಮಪ್ಪನ ಕಣ್ಣು ಹೀಗೇ ಹೋಯಿತು ಅಂದೆ. ಸುಮ್ಮನೆ ನೋಡು ಅಂದರೆ ಯಾರೂ ಸೂರ್ಯನನ್ನು ಅಷ್ಟು ಹೊತ್ತು ನೋಡಲಾರರು, ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ, ಪಕ್ಕದಲ್ಲಿ ಪ್ರೀತಿಯವರು ಒಬ್ಬರು ಎಣಿಸುತ್ತಾ ನಿಂತರೆ ಮಾತ್ರ ನೋಡುತ್ತಾರೆ ಅಂದೆ. ಅಪ್ಪನ ಪಕ್ಕದಲ್ಲಿ ನಿಂತು ಎಣಿಸಿದವಳು ನಾನು ಅಂದೆ.

ಸರೋಜಾ ಕರಪತ್ರವನ್ನು ನಾಲ್ಕಾಗಿ ಮಡಿಚಿದರು. ಇಷ್ಟು ವರ್ಷದಲ್ಲಿ ಡಾಕ್ಟರು, ಅಮ್ಮ, ಸ್ವಾಮಿ, ಅಪ್ಪ, ಯಾರೂ ಕೇಳದಿದ್ದುದನ್ನು ಅವರು ಮೆಲ್ಲಗೆ ಕೇಳಿದರು.

"ಎಷ್ಟರವರೆಗೆ ಎಣಿಸಿದ್ರಿ?"

"ಮುನ್ನೂರ ಹತ್ತು," ಅಂದೆ.